ಸುಂಕದ ಕಟ್ಟೆ: ಅಂದು, ಇಂದು

ಕನ್ನಡ ನಾಡಿಗೆ ಸುಂಕ ಹೊಸತಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ‘ಪೆರ್ಜುಂಕ’ವನ್ನು, ಎಂದರೆ ಹಿರಿಯ ಸುಂಕವನ್ನು, ಉಲ್ಲೇಖಿಸುತ್ತವೆ. ಬೆಂಗಳೂರಿನ ಸುಂಕದಕಟ್ಟೆ ಇಂದಿಗೂ ಆ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡಿದೆ.

ವಿಮಾನಯುಗದಲ್ಲಿಯೂ ಕಟ್ಟೆಗಳು ಮಾಯವಾಗಲಿಲ್ಲ. ದೇಶದ ಮೊದಲ ಬಾಗಿಲಿನಲ್ಲಿಯೇ ಸರಕಿನ ತಪಾಸಣೆ ನಡೆಯಬೇಕೆಂಬುದು ಅಮೆರಿಕದ ನಿಯಮ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಷಿಕಾಗೋ ಮಾರ್ಗವಾಗಿ ಡೆನ್ವರ್‌ಗೆ ಹೊರಟವರ ಪೆಟ್ಟಿಗೆ ಫ್ರಾಂಕ್‌ಫರ್ಟ್‌ನಲ್ಲಿ ತಾನಾಗಿಯೇ ವಿಮಾನ ಬದಲಿಸುತ್ತದೆ. ಆದರೆ ಅದರ ಮೇಲೆ ಡೆನ್ವರ್‌ನ ಚೀಟಿಯೇ ಇದ್ದರೂ, ಷಿಕಾಗೋದಲ್ಲಿ ಸಾಮಾನ್ಯವಾಗಿ ಪ್ರಯಾಣಿಕರೇ ಅದನ್ನು ಪಡೆದು, ಕಸ್ಟಮ್ಸ್ ದಾಟಿಸಿ, ಮರಳಿ ಒಪ್ಪಿಸಬೇಕು.

1952ರಲ್ಲಿ ಟೊರಾಂಟೊದಲ್ಲಿ ಕಟ್ಟೆಯೇ ಗಡಿಯಾಚೆಗೆ ಸರಿಯಿತು. ಅಮೆರಿಕದ ಅಧಿಕಾರಿಗಳು ಕೆನಡಾದ ನೆಲದಲ್ಲಿಯೇ ಪ್ರಯಾಣಿಕರ ತಪಾಸಣೆ ಆರಂಭಿಸಿದರು. 2014ರಲ್ಲಿ ಅಬುಧಾಬಿಗೂ ಈ ವ್ಯವಸ್ಥೆ ಬಂದಿತು. ಅಲ್ಲಿ ತಪಾಸಣೆ ಮುಗಿಸಿದವರು ಅಮೆರಿಕದಲ್ಲಿ ದೇಶೀಯ ಪ್ರಯಾಣಿಕರಂತೆಯೇ ಇಳಿಯುತ್ತಾರೆ.

ಇಂಗ್ಲಿಷಿನ ರೂಢಿಯಿಲ್ಲದೆ, ಜೊತೆಗಾರರಿಲ್ಲದೆ ಬರುವ ನಮ್ಮ ತಂದೆತಾಯಿಯರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಅವರ ದಾರಿಯಲ್ಲಿ ಕಟ್ಟೆ ಯಾವ ಊರಿನಲ್ಲಿದೆ, ಪೆಟ್ಟಿಗೆಯನ್ನು ಎಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಹೊರಡುವ ಮುನ್ನವೇ ಕನ್ನಡದಲ್ಲಿ ಬರೆದುಕೊಡೋಣ. ಚಟ್ನಿಪುಡಿ, ಉಪ್ಪಿನಕಾಯಿ ಏನೇ ಇದ್ದರೂ ಮರೆಮಾಚದೆ ಹೇಳುವಂತೆ ತಿಳಿಸೋಣ. ಸುಂಕದವನ ಮುಂದೆ ಸುಖದುಃಖ ಹೇಳಿ ಫಲವಿಲ್ಲವೆಂದು ಹಿರಿಯರು ಎಂದೋ ಹೇಳಿದ್ದಾರಲ್ಲವೇ?