ಮಳೆಗಾಲದ ಪಾನ: ಕರಾವಳಿಯ ಕಷಾಯವೂ ಕಾಫಿಯೂ

ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ ಮೊರೊಕ್ಕೊ ದೇಶದ ಪ್ರವಾಸಿಯಾದ ಇಬ್ನ್ ಬತೂತನು ಹೊನ್ನಾವರಕ್ಕೆ ಬಂದನು. ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿಯೇ 13 ಪಾಠಶಾಲೆಗಳಿದ್ದುವೆಂದು ಅವನು ಬರೆದ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅವನೇ ಬರೆದಿಟ್ಟ ಇನ್ನೊಂದು ಮಾತಿಗೆ ಅಷ್ಟು ಪ್ರಸಿದ್ಧಿ ದೊರೆತಿಲ್ಲ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಪಂಕ್ತಿಯಲ್ಲಿ ಅನ್ನ, ತುಪ್ಪ, ಉಪ್ಪಿನಕಾಯಿ, ಪಲ್ಯಗಳೆಲ್ಲ ಬಡಿಸಿ, ಮೊಸರಿನಿಂದ ಊಟ ಮುಗಿದ ಮೇಲೆ ಕುಡಿಯಲು ಬಿಸಿನೀರನ್ನು ಕೊಡುತ್ತಿದ್ದರಂತೆ. ಮಳೆಗಾಲದಲ್ಲಿ ತಣ್ಣೀರು ಮೈಗೆ ಕೇಡು ಎಂಬದು ಅದಕ್ಕೆ ಅವನು ಹೇಳುವ ಕಾರಣ.

ಕಾಫಿಯ ಹೆಸರನ್ನು ಈ ತೀರದವರು ಕೇಳುವದಕ್ಕಿಂತ ಬಹು ಮೊದಲೇ ಇಲ್ಲಿ ಬಿಸಿಪಾನದ ರೂಢಿಯಿತ್ತೆಂಬದು ಇದರಿಂದ ಸ್ಪಷ್ಟವಾಗುವದು. ಆ ಬಿಸಿನೀರಿಗೆ ರುಚಿಯನ್ನೂ ಕಾವನ್ನೂ ಕೊಡಬಲ್ಲ ಪದಾರ್ಥಗಳು ಕೈಗೆಟಕುವಲ್ಲಿಯೇ ಇದ್ದುವು. ಘಟ್ಟದ ಮೆಣಸು, ಏಲಕ್ಕಿ, ಶುಂಠಿಗಳು ಗೇರಸೊಪ್ಪೆಯ ದಾರಿಯಿಂದ ಇಳಿದು ಹೊನ್ನಾವರ, ಭಟ್ಕಳಗಳ ಬಂದರಗಳನ್ನು ಸೇರುತ್ತಿದ್ದುವು. ಗೇರಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು. ಹಡಗಿಗೆ ಹೋದ ಮೆಣಸಿನ ಲೆಕ್ಕವನ್ನು ವರ್ತಕರು ಬರೆದಿಟ್ಟರು. ಒಲೆಯ ಬಳಿಗೆ ಹೋದ ಮೆಣಸಿನ ಲೆಕ್ಕವನ್ನು ಬರೆದವರಿಲ್ಲ.

ಕಾಫಿಯ ಕಥೆಯಾದರೋ ವಿಚಿತ್ರವಾದುದು. ಅರಬ್ಬೀ ಭಾಷೆಯ 'ಕಹ್ವಾ' ಎಂಬ ಶಬ್ದಕ್ಕೆ ಮೊದಲು ಮದ್ಯವೆಂದೇ ಅರ್ಥವಿತ್ತು. ಆ ಹೆಸರು ಬಳಿಕ ಕಾಫಿಗೆ ಬಂದಿತು. 1511ರಲ್ಲಿ ಮಕ್ಕೆಯ ಅಧಿಕಾರಿಯೊಬ್ಬನು ಈ ಪಾನವನ್ನು ನಿಷೇಧಿಸಿದ್ದೂ ಉಂಟು. 1615ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಕಾನ್‌ಸ್ಟಾಂಟಿನೋಪಲಿನಿಂದ ತನ್ನ ಮಿತ್ರನಿಗೆ ಈ ಕಪ್ಪು ಪಾನವನ್ನು ಕುರಿತು ಓಲೆ ಬರೆದನು. ಅವನೇ 1623ರಲ್ಲಿ ಹೊನ್ನಾವರಕ್ಕೆ ಬಂದು, ಗೇರಸೊಪ್ಪೆಯ ಮಾರ್ಗವಾಗಿ ಇಕ್ಕೇರಿಗೆ ಹೋದನು. ಬಾಬಾ ಬುಡನ್ ಅವರು ಮೊಕಾ ಬಂದರದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವೂ ಆ ಶತಮಾನಕ್ಕೇ ಸೇರಿದುದು. ಬೀಜವು ಕಡಲನ್ನು ದಾಟಿ ಬಂದರೂ ಕಾಫಿಯು ಮನೆಮನೆಯ ಪಾನವಾದುದು ಘಟ್ಟದ ಮೇಲೆ ತೋಟಗಳು ಹಬ್ಬಿದ ತರುವಾಯ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಬಂದರಕ್ಕೆ ಬರುತ್ತಿದ್ದಿತು. ಇಂಥ ಬಂಡಿದಾರಿಗಳಲ್ಲಿ ಸರಕಿನೊಡನೆ ರೂಢಿಗಳೂ ಇಳಿಯುವವು.

ಮಿಶ್ರಪಾನದ ವಿಷಯದಲ್ಲಿ ಐರೋಪ್ಯರೂ ಈ ದೇಶಕ್ಕೆ ಋಣಿಗಳು. ಹದಿನೇಳನೆಯ ಶತಮಾನದ ಇಂಗ್ಲಿಷ್ ವರ್ತಕರು ಸಾರಾಯಿ, ಸಕ್ಕರೆ, ಲಿಂಬೆಯ ರಸ, ನೀರು, ಸಂಬಾರ ಇವುಗಳನ್ನು ಬೆರೆಸಿ ಕುಡಿಯುತ್ತಿದ್ದ 'ಪಂಚ್' ಎಂಬ ಪಾನದ ಹೆಸರು ನಮ್ಮ 'ಪಂಚ' ಶಬ್ದದಿಂದಲೇ ಬಂದುದೆಂದು ಹಲವರ ಮತ. 1637ರಲ್ಲಿ ಇಂಗ್ಲಿಷ್ ಹಡಗುಗಳು ಮೆಣಸನ್ನರಸಿ ಭಟ್ಕಳಕ್ಕೆ ಬಂದಾಗ ಆ ಐದು ಪದಾರ್ಥಗಳೂ ಈ ತೀರದಲ್ಲಿದ್ದುವು. ತೆಂಗು, ಬೈನೆಗಳಿಂದ ಕಳ್ಳನ್ನಿಳಿಸುವದು ಇಲ್ಲಿಯ ಹಳೆಯ ವೃತ್ತಿ. 1878ರ ಮುಂಬಯಿ ಅಬಕಾರಿ ಕಾಯಿದೆಯು ಅದನ್ನು ಸರಕಾರದ ಉತ್ಪನ್ನದ ದಾರಿಯನ್ನಾಗಿ ಬಿಗಿಗೊಳಿಸಿತು. ಮುಂಬಯಿಯದೇ 1949ರ ಪಾನನಿಷೇಧ ಕಾಯಿದೆಯು ಅದನ್ನು ಮುಚ್ಚಹೊರಟಿತು. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಯು ಈ ಎರಡನ್ನೂ ಅನುಭವಿಸಿತು.

1940ರ ದಶಕದಲ್ಲಿ ಐರ್ಲೆಂಡಿನ ಫಾಯ್ನ್ಸ್ ಎಂಬಲ್ಲಿ, ಚಳಿಯಿಂದ ನಡುಗುತ್ತ ಬಂದ ವಿಮಾನಯಾತ್ರಿಕರಿಗಾಗಿ ಕಾಫಿಗೆ ಸಕ್ಕರೆಯನ್ನೂ ವಿಸ್ಕಿಯನ್ನೂ ಬೆರೆಸಿ, ಮೇಲೆ ಕೆನೆಯನ್ನು ತೇಲಿಬಿಟ್ಟು ಕೊಟ್ಟರು. ಅದು ಇಂದು ಲೋಕಪ್ರಸಿದ್ಧವಾದ ಮಿಶ್ರಪಾನ. ಮಳೆಯ ಚಳಿಗೆ ಅಲ್ಲಿ ಮದ್ಯವು ಕೊಟ್ಟ ಕಾವನ್ನು ನಮ್ಮಲ್ಲಿ ಮೆಣಸು, ಶುಂಠಿಗಳು ಕೊಡುವವು. ಭೇದವು ಇಷ್ಟೇ: ಮದ್ಯದ ಬಟ್ಟಲು ಮನೆಯ ಕೆಲವರಿಗೆ ಮಾತ್ರ, ಕಷಾಯದ ಲೋಟವು ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರಿಗೂ ಸಲ್ಲುವದು. ಕುಡಿತದಿಂದ ಕೆಟ್ಟ ಸಂಸಾರಗಳನ್ನು ಕಂಡವರಿಗೆ ಈ ಭೇದವು ಸಣ್ಣದೆನಿಸಲಾರದು.

ಇದನ್ನು ಮನೆಯಲ್ಲಿ ಮಾಡುವದು ಸುಲಭ. ಕೊತ್ತಂಬರಿ ಬೀಜ ನಾಲ್ಕು ಪಾಲು, ಜೀರಿಗೆ ಎರಡು ಪಾಲು, ಕಾಳುಮೆಣಸು ಅರ್ಧ ಪಾಲು, ಮೆಂತ್ಯ ಕಾಲು ಪಾಲು. ಇವುಗಳನ್ನು ಬೇರೆಬೇರೆಯಾಗಿ ಹುರಿದು, ಒಣಶುಂಠಿ, ಏಲಕ್ಕಿಗಳೊಡನೆ ಪುಡಿಮಾಡಿ ಇಟ್ಟುಕೊಳ್ಳಬೇಕು. ನಾಲ್ವರಿಗೆ ಮೂರು ಲೋಟ ನೀರನ್ನು ಕುದಿಸಿ, ಈ ಪುಡಿ ಎರಡು ಚಮಚವನ್ನೂ ರುಚಿಗೆ ಸಾಕಾಗುವಷ್ಟು ಜೋನಿಬೆಲ್ಲವನ್ನೂ ಹಾಕುವದು. ಪರಿಮಳವೆದ್ದಾಗ ಪಾತ್ರೆಯನ್ನು ಇಳಿಸಿ, ಎರಡು ಚಮಚ ಕಾಫಿಪುಡಿಯನ್ನು ಉದುರಿಸಿ, ಮುಚ್ಚಿಟ್ಟು, ಕೊಂಚ ಹೊತ್ತಿನ ಮೇಲೆ ಬಟ್ಟೆಯಲ್ಲಿ ಸೋಸಬೇಕು. ಕಾಫಿಯನ್ನು ಬಹಳ ಕುದಿಸಿದರೆ ಕಹಿಯು ಹೆಚ್ಚುವದು. ಒಂದು ಲೋಟ ಬಿಸಿಹಾಲನ್ನು ಕಡೆಯಲ್ಲಿ ಸೇರಿಸುವದು. ಬೆಲ್ಲದೊಡನೆ ಕುದಿಸಿದರೆ ಹಾಲು ಒಡೆಯುವದುಂಟು.

ಒಂದು ಕಾಲಕ್ಕೆ ಕಾಫಿಯೇ ದುರಭ್ಯಾಸವೆಂದು ಹಿರಿಯರು ಗದರಿಸುತ್ತಿದ್ದರು. ಈಗ ಅತಿಥಿಗೆ ಕಾಫಿಯನ್ನು ಕೊಡುವದೇ ಮರ್ಯಾದೆ. ಕಷಾಯವು ಅನೇಕ ಮನೆಗಳಲ್ಲಿ ಜ್ವರದವರ ಪಾಲಿಗೆ ಉಳಿದಿದೆ. ಪ್ರತಿಯೊಂದು ಮನೆಗೂ ತನ್ನದೇ ಅಳತೆಯಿತ್ತು. ಅದು ಕೈಯಿಂದ ಕೈಗೆ ಬಂದುದೇ ಹೊರತು ಕಾಗದಕ್ಕೆ ಇಳಿದುದಲ್ಲ, ತಿಳಿದವರೊಡನೆಯೇ ಅಳಿದುಹೋಗುವದು. ಇಬ್ನ್ ಬತೂತನು ಬರೆಯದಿದ್ದರೆ ಹೊನ್ನಾವರದ ಬಿಸಿನೀರಿನ ಸುದ್ದಿಯೂ ನಮಗೆ ತಿಳಿಯುತ್ತಿರಲಿಲ್ಲ. ಆದುದರಿಂದ ಭಟ್ಕಳ, ಹೊನ್ನಾವರ, ಕುಮಟೆಗಳ ಗೃಹಿಣಿಯರು ತಮ್ಮ ತಮ್ಮ ಮನೆಯ ಅಳತೆಯನ್ನು ಬರೆದಿಡುವದು ಉಚಿತ. ನಾಳಿನ ಚರಿತ್ರಕಾರನಿಗೆ ಅದು ಶಾಸನದಷ್ಟೇ ಬೆಲೆಯುಳ್ಳದ್ದಾದೀತು.