ಬಿಳಿ ಬ್ರೆಡ್ಡೂ ನಾಯಿಯ ಮೂರ್ಛೆಯೂ

ಮೂಲೆಯಲ್ಲಿ ಸುಮ್ಮನೆ ಮಲಗಿದ್ದ ನಾಯಿ ಇದ್ದಕ್ಕಿದ್ದಂತೆ ಎದ್ದು, ಭೂತ ಕಂಡಂತೆ ಕಿರುಚುತ್ತಾ ಓಡತೊಡಗುತ್ತದೆ. ಗೋಡೆ, ಮೇಜು, ಬಾಗಿಲು ಯಾವುದೂ ಅದರ ಲೆಕ್ಕಕ್ಕಿಲ್ಲ. ಸಾಕಿದವರ ಕರೆಯೂ ಕಿವಿಗೆ ಬೀಳುವುದಿಲ್ಲ. ಕೊನೆಗೆ ನೆಲಕ್ಕುರುಳಿ ಕಾಲು ಬಡಿಯುತ್ತದೆ, ಬಾಯಲ್ಲಿ ನೊರೆ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಪೆಚ್ಚುಪೆಚ್ಚಾಗಿ ಎದ್ದು ಕೂರುತ್ತದೆ.

1920 ಮತ್ತು 30ರ ದಶಕಗಳಲ್ಲಿ ಇಂಗ್ಲೆಂಡ್ ಹಾಗೂ ಅಮೆರಿಕದಲ್ಲಿ ನಾಯಿ ಸಾಕಿದವರನ್ನು ಕಂಗೆಡಿಸಿದ ಕಾಯಿಲೆ ಇದು. ಇದಕ್ಕೆ ‘ಕೆನೈನ್ ಹಿಸ್ಟೀರಿಯಾ’ ಎಂದು ಕೆಲವರು, ‘ಫ್ರೈಟ್ ಡಿಸೀಸ್’, ಅಂದರೆ ಬೆಚ್ಚುವ ರೋಗ, ಎಂದು ಇನ್ನು ಕೆಲವರು ಹೆಸರಿಟ್ಟರು. ಹೆಸರುಗಳೇನೋ ಹುಟ್ಟಿದವು, ಕಾರಣ ಮಾತ್ರ ಸಿಗಲಿಲ್ಲ.

ನೊರೆ ಸುರಿಸುತ್ತಾ ಓಡುವ ನಾಯಿ ಎಂದರೆ ಹುಚ್ಚುನಾಯಿ ಎಂಬುದು ಎಲ್ಲ ದೇಶದ ಜನರ ಮನಸ್ಸಿನಲ್ಲಿ ಬೇರೂರಿದ ಭಾವನೆ. ಬ್ರಿಟನ್ 1902ರಲ್ಲೇ ರೇಬಿಸ್‌ನಿಂದ ಮುಕ್ತವಾಗಿತ್ತು. ಆದರೆ 1918ರಲ್ಲಿ ಹೊರಗಿನಿಂದ ಬಂದ ನಾಯಿಗಳೊಡನೆ ಆ ರೋಗ ಮತ್ತೆ ಕಾಲಿಟ್ಟು 1922ರವರೆಗೆ ಕಾಡಿತು. ಆ ಭಯ ಇನ್ನೂ ಹಸಿಯಾಗಿದ್ದಾಗ ಇಂಥ ನಾಯಿಯನ್ನು ಕೊಂದುಬಿಡುವುದೇ ಕ್ಷೇಮ ಎಂದು ಯಾರಿಗಾದರೂ ತೋಚಿದ್ದರೆ ಅಚ್ಚರಿಯಿಲ್ಲ. ಪಶುವೈದ್ಯರು ಹೊಟ್ಟೆಯ ಹುಳು, ಸೋಂಕು, ಜೀವಸತ್ವದ ಕೊರತೆ ಎಂದು ಒಂದೊಂದನ್ನೇ ಅನುಮಾನಿಸುತ್ತಾ ಹೋದರು. ನಾಯಿಯ ಮುಂದಿದ್ದ ತಟ್ಟೆಯ ಕಡೆ ಸರಿಯಾಗಿ ನೋಡಿದವರು ಕಡಿಮೆ.

ನೋಡಿದವರು ಸರ್ ಎಡ್ವರ್ಡ್ ಮೆಲನ್‌ಬಿ. ಇವರು ಪಶುವೈದ್ಯರಲ್ಲ, ಮನುಷ್ಯರ ಆಹಾರ ಮತ್ತು ರೋಗಗಳ ಸಂಬಂಧವನ್ನು ಅಭ್ಯಾಸ ಮಾಡಿದ ವಿಜ್ಞಾನಿ. 1919ರ ಹೊತ್ತಿಗೇ ನಾಯಿಮರಿಗಳಿಗೆ ಕೊರತೆಯ ಆಹಾರ ಕೊಟ್ಟು, ಮೂಳೆ ಸೊಟ್ಟಗಾಗುವ ರಿಕೆಟ್ಸ್ ರೋಗ ಬರಿಸಿ, ಕಾಡ್ ಮೀನೆಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿ ಹೆಸರಾದವರು. ಅವರ ಪ್ರಯೋಗಾಲಯದಲ್ಲಿ ನಾಯಿ ಒಂದು ಉಪಕರಣವೇ ಆಗಿತ್ತು ಎನ್ನುವುದನ್ನು ಮುಚ್ಚಿಡಬೇಕಿಲ್ಲ.

1946ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ಲೇಖನ ಪ್ರಕಟವಾಯಿತು. ಅಂಗಡಿಯಲ್ಲಿ ಸಿಗುವ ಬಿಳಿ ಹಿಟ್ಟನ್ನು ತಿಂದ ನಾಯಿಗಳಿಗೆ ಸೆಳೆತ ಬರುತ್ತಿತ್ತು. ರಾಸಾಯನಿಕ ಸೋಕದ ಹಿಟ್ಟನ್ನು ತಿಂದ ನಾಯಿಗಳು ಚೆನ್ನಾಗಿಯೇ ಇದ್ದವು. ವ್ಯತ್ಯಾಸ ಇದ್ದದ್ದು ‘ಏಜೀನ್’ ಎಂಬ ಅನಿಲದಲ್ಲಿ.

ಆಗತಾನೆ ಬೀಸಿದ ಗೋಧಿ ಹಿಟ್ಟು ಸ್ವಲ್ಪ ಹಳದಿ. ಬ್ರೆಡ್ಡಿಗೆ ಅದು ಚೆನ್ನಾಗಿ ಒದಗುವುದಿಲ್ಲ. ಕೆಲಕಾಲ ದಾಸ್ತಾನು ಮಾಡಿದರೆ ತಾನಾಗಿ ಬೆಳ್ಳಗಾಗಿ ಹದಕ್ಕೆ ಬರುತ್ತದೆ. ಅಷ್ಟು ಕಾಯಲು ಮಿಲ್ಲಿನವರಿಗೆ ಪುರುಸೊತ್ತೆಲ್ಲಿ? ನೈಟ್ರೋಜನ್ ಟ್ರೈಕ್ಲೋರೈಡ್ ಅನಿಲವನ್ನು ಹಾಯಿಸಿದರೆ ಕ್ಷಣಗಳಲ್ಲಿ ಕೆಲಸ ಮುಗಿಯುತ್ತಿತ್ತು. ಅದರ ವ್ಯಾಪಾರಿ ಹೆಸರೇ ಏಜೀನ್. ಬ್ರಿಟನ್‌ನ ಬಹುಪಾಲು ಹಿಟ್ಟು ಆ ವೇಳೆಗೆ ಹೀಗೆಯೇ ತಯಾರಾಗುತ್ತಿತ್ತು. ನಾಯಿಯ ಬಿಸ್ಕತ್ತಿಗೂ ಮಗುವಿನ ಬ್ರೆಡ್ಡಿಗೂ ಒಂದೇ ಹಿಟ್ಟು.

ಗದ್ದಲವೆದ್ದದ್ದು ಈ ಕೊನೆಯ ಸಂಗತಿಯಿಂದ. ಮನುಷ್ಯರಲ್ಲಿ ಇಂಥ ಸೆಳೆತ ಕಂಡುಬರಲಿಲ್ಲ. ಆದರೂ ಅಮೆರಿಕ 1949ರಲ್ಲಿ ಏಜೀನ್ ಬಳಕೆಯನ್ನು ನಿಲ್ಲಿಸಿತು. ಬ್ರಿಟನ್ ಮಾತ್ರ 1950ರ ದಶಕದ ನಡುಭಾಗದವರೆಗೆ ಎಳೆದಾಡಿತು. ಅಷ್ಟರಲ್ಲಿ ರಸಾಯನಶಾಸ್ತ್ರಜ್ಞರು ವಿಷವನ್ನು ಬೇರ್ಪಡಿಸಿದ್ದರು. ಏಜೀನ್ ಗೋಧಿಯ ಪ್ರೋಟೀನಿನಲ್ಲಿರುವ ಮೆಥಿಯೊನೀನ್‌ನೊಡನೆ ಸೇರಿ ‘ಮೆಥಿಯೊನೀನ್ ಸಲ್ಫಾಕ್ಸಿಮೀನ್’ ಆಗುತ್ತಿತ್ತು. ಇದು ಮಿದುಳಿನ ಒಂದು ಮುಖ್ಯ ಕಿಣ್ವವನ್ನು ತಡೆಹಿಡಿಯುತ್ತದೆ. ಮುಂದೆ ಪ್ರಯೋಗಾಲಯಗಳಲ್ಲಿ ಪ್ರಾಣಿಗಳಿಗೆ ಬೇಕೆಂದೇ ಸೆಳೆತ ಬರಿಸಲು ಇದೇ ವಸ್ತು ಬಳಕೆಗೆ ಬಂದದ್ದು ವಿಪರ್ಯಾಸ.

ಏಜೀನ್ ಹೋಯಿತೆಂದು ನಾಯಿಗಳ ಮೂರ್ಛೆಯೆಲ್ಲ ಹೋಗಲಿಲ್ಲ. ಯಾವ ವಿಷವೂ ಗಾಯವೂ ಇಲ್ಲದೆ ಮರುಕಳಿಸುವ ಅಪಸ್ಮಾರ ಬೇರೆಯೇ ಇದೆ. ಬೀಗಲ್, ಬಾರ್ಡರ್ ಕಾಲಿಯಂಥ ತಳಿಗಳಲ್ಲಿ ಅದು ವಂಶದಲ್ಲಿ ಇಳಿದು ಬರುತ್ತದೆ. ಬ್ರಿಟನ್ನಿನ ಪಶು ಚಿಕಿತ್ಸಾಲಯಗಳ ದಾಖಲೆಗಳನ್ನು ಆಧರಿಸಿದ 2013ರ ಅಧ್ಯಯನದ ಪ್ರಕಾರ ಸಾವಿರ ನಾಯಿಗಳಲ್ಲಿ ಸುಮಾರು ಆರಕ್ಕೆ ಅಪಸ್ಮಾರ. ಔಷಧಿಗಳು ಮನುಷ್ಯರ ಕಪಾಟಿನಿಂದಲೇ ಬಂದವು: 1857ರ ಬ್ರೋಮೈಡ್, 1912ರ ಫೀನೊಬಾರ್ಬಿಟಾಲ್. ಇಂದಿಗೂ ನಾಯಿಗಳಿಗೆ ಇವೇ ಮುಖ್ಯ ಆಸರೆ.

ಬಹುಕಾಲ ವೈದ್ಯರು ಎಣಿಸಿದ್ದು ಸೆಳೆತಗಳನ್ನು ಮಾತ್ರ. ತಿಂಗಳಿಗೆ ನಾಲ್ಕಿದ್ದದ್ದು ಎರಡಾದರೆ ಚಿಕಿತ್ಸೆ ಫಲಿಸಿತು. ಎರಡು ಸೆಳೆತಗಳ ನಡುವಿನ ದಿನಗಳಲ್ಲಿ ನಾಯಿ ಹೇಗಿರುತ್ತದೆ ಎಂದು ಕೇಳಿದವರು ವಿರಳ. ಲಂಡನ್ನಿನ ರಾಯಲ್ ವೆಟರಿನರಿ ಕಾಲೇಜಿನ ಸಂಶೋಧಕರು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ರೋಗ ಬರುವ ಮೊದಲು ಮತ್ತು ಬಂದ ಮೇಲೆ ನಾಯಿಯ ಸ್ವಭಾವ ಹೇಗಿತ್ತೆಂದು ಸಾಕಿದವರನ್ನು ವಿಚಾರಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಜಿಕೆ ಮತ್ತು ಆತಂಕ ಹೆಚ್ಚಿದ್ದು ಗೊತ್ತಾಯಿತು. ಅದೇ ಕಾಲೇಜಿನ ರೊವೀನಾ ಪ್ಯಾಕರ್ ಈ ಕೆಲಸವನ್ನು ಮುಂದುವರಿಸಿದರು. ಅಪಸ್ಮಾರದ ನಾಯಿಗೆ ಹೇಳಿದ ಮಾತು ಹತ್ತುವುದು ನಿಧಾನ, ಕೆಲವು ಔಷಧಿಗಳಿಂದ ಇನ್ನೂ ನಿಧಾನ ಎಂದು ಅವರ ಅಧ್ಯಯನ ತಿಳಿಸಿತು. ‘ಹಟಮಾರಿ’ ಎಂದು ಬೈಸಿಕೊಂಡ ಎಷ್ಟು ನಾಯಿಗಳು ನಿಜಕ್ಕೂ ರೋಗಿಗಳಾಗಿದ್ದವೋ!

2015ರಲ್ಲಿ ಪ್ರಕಟವಾದ ಅಲ್ಲಿಯ ಇನ್ನೊಂದು ಪ್ರಯೋಗ ಮತ್ತೆ ತಟ್ಟೆಗೇ ಬಂದು ನಿಂತಿತು. ಔಷಧಿ ತೆಗೆದುಕೊಳ್ಳುತ್ತಿದ್ದ 21 ನಾಯಿಗಳಿಗೆ ಮೂರು ತಿಂಗಳು ಒಂದು ಬಗೆಯ ಆಹಾರ, ಇನ್ನು ಮೂರು ತಿಂಗಳು ಇನ್ನೊಂದು. ಯಾವುದು ಯಾವುದೆಂದು ಸಾಕಿದವರಿಗೆ ತಿಳಿಸಿರಲಿಲ್ಲ. ಒಂದರಲ್ಲಿ ‘ಮಧ್ಯಮ ಸರಪಳಿ’ಯ ಕೊಬ್ಬು ಬೆರೆತಿತ್ತು. ತೆಂಗಿನೆಣ್ಣೆಯಿಂದಲೂ ತೆಗೆಯಬಹುದಾದ ಕೊಬ್ಬು ಅದು. ಇದನ್ನು ಓದಿ ನಮ್ಮ ತೆಂಗಿನ ಸೀಮೆಯವರು ಅಡುಗೆಮನೆಯ ಎಣ್ಣೆಯನ್ನೇ ನಾಯಿಯ ಅನ್ನಕ್ಕೆ ಸುರಿಯಬೇಕಿಲ್ಲ. ಅಲ್ಲಿ ಬಳಸಿದ್ದು ಬೇರ್ಪಡಿಸಿ ಅಳೆದ ಪ್ರಮಾಣ.

ಈ ಆಹಾರದ ಅವಧಿಯಲ್ಲಿ ಮೂರು ನಾಯಿಗಳಿಗೆ ಸೆಳೆತ ಪೂರ್ತಿ ನಿಂತಿತು. ಏಳಕ್ಕೆ ಅರ್ಧಕ್ಕರ್ಧ ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಐದಕ್ಕೆ ಅಷ್ಟಿಷ್ಟು. ಅಪರಿಚಿತರನ್ನು ಕಂಡರೆ ಹೆದರುವುದೂ ಕಡಿಮೆಯಾಯಿತೆಂದು ಮುಂದಿನ ವರ್ಷದ ವರದಿ ಸೇರಿಸಿತು. ಉಳಿದ ಆರು ನಾಯಿಗಳಿಗೆ ಮಾತ್ರ ಆಹಾರ ಬದಲಿಸಿದ್ದರಿಂದ ಏನೂ ಉಪಯೋಗವಾಗಲಿಲ್ಲ.