ಹಟ್ಟಿಯಿಂದ ಗಾಜಿನ ಬಟ್ಟಲಿಗೆ: ಜಾನುವಾರು ಅಂಡಾಣು ಪಕ್ವನದ ಚರಿತ್ರೆ ಮತ್ತು ಸುರತ್ಕಲ್ ಪರಿಸರ

ತುಳುನಾಡಿನ ಬೇಸಾಯದ ಆಚರಣೆಗಳಲ್ಲಿ ಕೆಡ್ಡಸಕ್ಕೆ ವಿಶಿಷ್ಟವಾದ ಸ್ಥಾನವಿದೆ. ಮಕರ ಮಾಸದ ಕೊನೆಯಲ್ಲಿ, ಅಂದರೆ ಫೆಬ್ರವರಿ ತಿಂಗಳ ನಡುವಿನ ಹೊತ್ತಿಗೆ, ಭೂಮಿತಾಯಿ ಋತುಮತಿಯಾಗುತ್ತಾಳೆಂಬ ನಂಬಿಕೆಯಿಂದ ಆ ದಿನಗಳಲ್ಲಿ ನೆಲವನ್ನು ಉಳುವುದಿಲ್ಲ, ಅಗೆಯುವುದಿಲ್ಲ, ಹಸಿ ಮರಕ್ಕೆ ಕತ್ತಿ ತಾಗಿಸುವುದಿಲ್ಲ. ಬಳಿಕ ತುಳಸಿಕಟ್ಟೆಯ ಹತ್ತಿರ ನೆಲಕ್ಕೆ ಎಣ್ಣೆ ಬಿಟ್ಟು, ಅರಸಿನ ಕುಂಕುಮ ಇರಿಸಿ ಪೂಜಿಸಲಾಗುತ್ತದೆ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ, ತೆಂಗಿನಕಾಯಿ ಬೆರೆಸಿದ ನನ್ಯರಿಯನ್ನು ಮನೆಮಂದಿ ಹಂಚಿಕೊಂಡು ತಿನ್ನುತ್ತಾರೆ. ಇದನ್ನು ಫಲವಂತಿಕೆಯ ಆಚರಣೆಯೆಂದು ವರ್ಗೀಕರಿಸಿ ಮುಂದೆ ಸಾಗುವುದು ಅಧ್ಯಯನಗಳಲ್ಲಿ ರೂಢಿ. ಆದರೆ ಆಚರಣೆಯ ಕ್ರಮದಲ್ಲಿಯೇ ಒಂದು ವಿಚಾರ ಅಡಗಿದೆ. ಇಲ್ಲಿ ಆರೈಕೆಯು ಬಿತ್ತನೆಯ ಅನಂತರದ್ದಲ್ಲ, ಬಿತ್ತನೆಗೆ ಮೊದಲಿನದು. ನೆಲವು ಬೀಜವನ್ನು ಹೊರುವ ಪಾತ್ರೆ ಮಾತ್ರವಲ್ಲ, ತಾನೇ ಮಾಗಬೇಕಾದದ್ದು ಎಂಬ ಭಾವನೆ ಅದರ ಹಿಂದಿದೆ.

ಜಾನುವಾರುಗಳ ವಿಷಯದಲ್ಲಿ ನುಡಿಯ ಒಲವು ಬೇರೆ. ಹಸು ಬೆದೆಗೆ ಬರುತ್ತದೆ, ಅದಕ್ಕೆ ಹೋರಿ ಹಾಯಿಸಲಾಗುತ್ತದೆ, ಗಬ್ಬ ನಿಲ್ಲುತ್ತದೆ. ತಳಿ ಬೆಳೆಸಲು ಇರಿಸಿಕೊಂಡದ್ದು ‘ಬೀಜದ ಹೋರಿ’. ಹಸುವಿನ ಒಡಲಲ್ಲಿಯೂ ಒಂದು ಬೀಜವಿದೆ ಎಂಬುದಕ್ಕೆ ಆಡುನುಡಿಯಲ್ಲಿ ಪದವಿಲ್ಲ, ಮೊಟ್ಟೆಯೆಂದರೆ ಕೋಳಿಯದು. ಇದು ಜನಪದರ ಅಜ್ಞಾನವೆಂದು ಭಾವಿಸಬೇಕಾಗಿಲ್ಲ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ಕಂಡುದೇ 1827ರಲ್ಲಿ. ಹಸುವಿನ ಅಂಡಾಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗದಷ್ಟು. ಕಣ್ಣಿಗೆ ದಕ್ಕದ ವಸ್ತುವಿಗೆ ಹಟ್ಟಿಯಲ್ಲಿ ಹೆಸರು ಹುಟ್ಟುವುದು ಹೇಗೆ?

ಕರ್ನಾಟಕದಲ್ಲಿ ಜಾನುವಾರು ಸಂತಾನಾಭಿವೃದ್ಧಿಯ ಆಧುನಿಕ ಚರಿತ್ರೆಯೂ ಗಂಡಿನ ಬೀಜದಿಂದಲೇ ಆರಂಭವಾಗುತ್ತದೆ. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗ 1939ರಲ್ಲಿ ಮೈಸೂರಿನ ಅರಮನೆಯ ಡೇರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರಿಂದ ನಡೆಯಿತು. ಹಾಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ 33 ಹಳ್ಳಿಕಾರ್ ಹಸುಗಳು ಗಬ್ಬವಾದವು. ಉಳುಮೆ, ಸಾಗಣೆಗಳ ದೃಢತೆಗೆ ಹೆಸರಾದ ತಳಿಯ ಒಡಲಿಗೆ ಹಾಲಿಗಾಗಿ ಹೆಸರಾದ ದೂರದ ತಳಿಯ ಬೀಜ ಎಂಬ ಸೂತ್ರ ಅಂದೇ ಸಿದ್ಧವಾಗಿತ್ತು. ಮುಂದೆ 1969ರಲ್ಲಿ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಉತ್ಪಾದನೆಯ ಕೇಂದ್ರೀಯ ಸಂಸ್ಥೆ ಸ್ಥಾಪಿತವಾದ ಮೇಲೆ ಹೋರಿಯನ್ನು ಸಾಗಿಸುವ ಅಗತ್ಯವೇ ಉಳಿಯಲಿಲ್ಲ. ದ್ರವ ಸಾರಜನಕದ ಕ್ಯಾನಿನಲ್ಲಿ ಬೀಜ ಊರೂರಿಗೆ ತಲುಪಿತು.

ಸುರತ್ಕಲ್ ಪರಿಸರದಲ್ಲಿ ಈ ಬದಲಾವಣೆಯನ್ನು ಹಾಲಿನ ಆಸೆಯೊಂದರಿಂದಲೇ ವಿವರಿಸಲಾಗದು. ಇಲ್ಲಿನ ‘ಊರ ದನ’, ಅಂದರೆ ಇಂದು ಮಲೆನಾಡು ಗಿಡ್ಡ ಎಂದು ತಳಿಯಾಗಿ ಮಾನ್ಯವಾಗಿರುವ ಸಣ್ಣಾಳ್ತನದ ದನ, ಕೊಟ್ಟಿಗೆಯಲ್ಲಿ ನಿಂತು ಮೇಯುವ ಪ್ರಾಣಿಯಲ್ಲ. ಬೆಳಿಗ್ಗೆ ಗುಡ್ಡೆಗೆ, ಪದವಿಗೆ ಹೋಗಿ ಸಂಜೆ ಹಟ್ಟಿಗೆ ಮರಳುವುದು ಅದರ ಕ್ರಮ. ಹೋರಿಯೊಡನೆ ಕೂಡುವುದೂ ಆ ಮೇವಿನ ನೆಲದಲ್ಲಿಯೇ. 1960ರಲ್ಲಿ ಸುರತ್ಕಲ್ಲಿಗೆ ಎಂಜಿನಿಯರಿಂಗ್ ಕಾಲೇಜು ಬಂದಿತು. 1970ರ ದಶಕದಲ್ಲಿ ಪಣಂಬೂರಿನ ನವ ಮಂಗಳೂರು ಬಂದರು ಮತ್ತು ರಸಗೊಬ್ಬರ ಕಾರ್ಖಾನೆ, 1990ರ ದಶಕದಲ್ಲಿ ತೈಲ ಸಂಸ್ಕರಣಾಗಾರ ತಲೆಯೆತ್ತಿದವು. ಬಂದರಿಗಾಗಿ ನೆಲ ಬಿಟ್ಟುಕೊಟ್ಟ ಕುಟುಂಬಗಳಿಗೆ ಕಾಟಿಪಳ್ಳದಲ್ಲಿ ನಿವೇಶನಗಳು ದೊರೆತವು. ನಿವೇಶನವೆಂದರೆ ಮನೆಯ ಜಾಗ, ಗುಡ್ಡೆಯಲ್ಲ. ಮೇವಿನ ನೆಲ ಹೋದಾಗ ದನ ಮತ್ತು ಹೋರಿ ಸಂಧಿಸುವ ತಾಣವೂ ಹೋಯಿತು. ಕೃತಕ ಗರ್ಭಧಾರಣೆ ಇಲ್ಲಿ ಸುಧಾರಣೆಯಾಗಿ ಬಂದಷ್ಟೇ ಅನಿವಾರ್ಯವಾಗಿಯೂ ಬಂದಿತೆಂದು ಹೇಳುವುದು ಹೆಚ್ಚು ಸರಿ. ಹೀಗೆ ಬಂದ ಬೀಜ ಬಹುಮಟ್ಟಿಗೆ ಜರ್ಸಿಯದು. ಜರ್ಸಿಯ ಬೀಜವನ್ನೇ ಮರಳಿ ಮರಳಿ ನೀಡಿದರೆ ಮೊದಲ ಕರುವಿನಲ್ಲಿ ಊರ ದನದ ಪಾಲು ಅರ್ಧ, ಅದರ ಕರುವಿನಲ್ಲಿ ಕಾಲು, ಮೂರನೆಯ ತಲೆಮಾರಿನಲ್ಲಿ ಎಂಟನೆಯ ಒಂದು.

ಹೆಣ್ಣಿನ ಬೀಜದ ಕಡೆಗೆ ವಿಜ್ಞಾನ ಹೊರಳಿದ್ದು ತಡವಾಗಿ. ಅಂಡಾಶಯದಿಂದ ಹೊರತೆಗೆದ ಮೊಲದ ಅಂಡಾಣು ಬಟ್ಟಲಿನಲ್ಲಿ ತಾನಾಗಿಯೇ ಪಕ್ವವಾಗತೊಡಗುತ್ತದೆ ಎಂಬುದನ್ನು 1935ರಲ್ಲಿ ಅಮೆರಿಕದ ಗ್ರೆಗರಿ ಪಿಂಕಸ್ ಮತ್ತು ಎನ್ಜ್‌ಮನ್ ತೋರಿಸಿದರು. ಮೂವತ್ತು ವರ್ಷಗಳ ಬಳಿಕ, 1965ರಲ್ಲಿ, ಇಂಗ್ಲೆಂಡಿನ ರಾಬರ್ಟ್ ಎಡ್ವರ್ಡ್ಸ್ ಹಸು, ಕುರಿ, ಹಂದಿಗಳ ಅಂಡಾಣುಗಳನ್ನೂ ಮನುಷ್ಯರ ಅಂಡಾಣುವನ್ನೂ ಹೀಗೆ ಪಕ್ವಗೊಳಿಸಿದರು. ಪ್ರನಾಳ ಶಿಶುವಿನ ಕೀರ್ತಿಗೆ ಪಾತ್ರರಾದ ವಿಜ್ಞಾನಿಯ ದಾರಿ ದನ ಕುರಿಗಳ ಅಂಡಾಶಯಗಳ ಮೂಲಕ ಹಾದುಹೋಗಿತ್ತು ಎಂಬುದು ಸಾಮಾನ್ಯವಾಗಿ ಮರೆತುಹೋಗುವ ಸಂಗತಿ. 1981ರಲ್ಲಿ ಅಮೆರಿಕದಲ್ಲಿ ಮೊದಲ ಪ್ರನಾಳ ಕರು ಹುಟ್ಟಿತಾದರೂ ಅದರ ಅಂಡಾಣು ಹಸುವಿನ ಒಡಲಲ್ಲಿಯೇ ಪಕ್ವವಾಗಿತ್ತು. ಭಾರತದ ಹೆಸರು ಈ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣಿಸಿಕೊಂಡದ್ದು 1990ರಲ್ಲಿ. ಕರ್ನಾಲಿನ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ‘ಪ್ರಥಮ್’ ಎಂಬ ಎಮ್ಮೆಯ ಕರು ಜನಿಸಿತು. ಜಗತ್ತಿನ ಮೊದಲ ಪ್ರನಾಳ ಎಮ್ಮೆಗರು ಅದು.

ಪ್ರಯೋಗಾಲಯದ ಕೆಲಸ ಕಸಾಯಿಖಾನೆಯಿಂದ ಆರಂಭವಾಗುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ವಧೆಯಾದ ಪ್ರಾಣಿಯ ಅಂಡಾಶಯವನ್ನು ಬೆಚ್ಚಗಿನ ಉಪ್ಪುನೀರಿನಲ್ಲಿರಿಸಿ ಫ್ಲಾಸ್ಕಿನಲ್ಲಿ ಕೆಲವೇ ಗಂಟೆಗಳೊಳಗೆ ತರಲಾಗುತ್ತದೆ. ಅದರ ಮೇಲ್ಮೈಯ ಸಣ್ಣ ಗುಳ್ಳೆಗಳಿಂದ ಸೂಜಿಯ ಮೂಲಕ ದ್ರವವನ್ನೂ ಅದರೊಡನೆ ಅಂಡಾಣುವನ್ನೂ ಸೆಳೆಯಲಾಗುತ್ತದೆ. ಸುತ್ತಲೂ ಪೋಷಕ ಜೀವಕೋಶಗಳ ಒತ್ತಾದ ಹೊದಿಕೆಯುಳ್ಳ ಅಂಡಾಣುವೇ ಉತ್ತಮ. ಹೊದಿಕೆ ಕಳಚಿದ್ದು ಬಹುಮಟ್ಟಿಗೆ ನಿರುಪಯೋಗಿ. ಎಮ್ಮೆಯ ಒಂದು ಅಂಡಾಶಯದಿಂದ ಒಂದೇ ಒಂದು ಉತ್ತಮ ಅಂಡಾಣು ಸಿಗುವುದೂ ಕಷ್ಟ. ಹೀಗೆ ಆಯ್ದವುಗಳನ್ನು 38.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯಲ್ಲಿ, ಸುಮಾರು 24 ಗಂಟೆ ಪೋಷಕ ದ್ರವದಲ್ಲಿ ಇಡುತ್ತಾರೆ. ಪಕ್ವವಾದಂತೆ ಹೊದಿಕೆಯ ಜೀವಕೋಶಗಳು ಅರಳಿ ಬಿಡಿಬಿಡಿಯಾಗುತ್ತವೆ.

ಆ ದ್ರವದಲ್ಲಿ ಏನಿರಬೇಕು ಎಂಬ ಪ್ರಶ್ನೆಯೇ ಈ ಶಾಸ್ತ್ರದ ಹೃದಯ. ಹೆಚ್ಚಾಗಿ ಬಳಕೆಯಾಗುವ ‘ಮಾಧ್ಯಮ 199’ ಅಂಡಾಣುವಿಗಾಗಿ ಹುಟ್ಟಿದ್ದಲ್ಲ. 1950ರಲ್ಲಿ ಟೊರಾಂಟೊದಲ್ಲಿ ಕೋಳಿ ಭ್ರೂಣದ ಜೀವಕೋಶಗಳಿಗೆಂದು ರೂಪಿಸಿದ ದ್ರವ ಅದು. ಪೋಲಿಯೊ ಲಸಿಕೆಯ ತಯಾರಿಯಲ್ಲಿಯೂ ಬಳಕೆಯಾಯಿತು. ಅದಕ್ಕೆ ಅಂಡಾಣುವಿನ ಅಗತ್ಯಕ್ಕೆ ತಕ್ಕಂತೆ ಪೂರಕಗಳನ್ನು ಬೆರೆಸಲಾಗುತ್ತದೆ: ಶಕ್ತಿಗೆ ಪೈರುವೇಟ್, ಪಕ್ವತೆಯನ್ನು ಪ್ರಚೋದಿಸುವ ಹಾರ್ಮೋನುಗಳು, ಅಮೈನೋ ಆಮ್ಲಗಳು, ಆಮ್ಲಜನಕದ ಹಾನಿಯನ್ನು ತಡೆಯುವ ಸಿಸ್ಟಿಯಮೈನ್. ಬಹುಕಾಲ ಇವೆಲ್ಲಕ್ಕಿಂತ ಮುಖ್ಯವೆನಿಸಿದ್ದು ರಕ್ತದ ಸೀರಂ. ಬೆದೆಗೆ ಬಂದ ಹಸುವಿನ ಸೀರಂ, ಗರ್ಭಸ್ಥ ಕರುವಿನ ಸೀರಂ ಎಂದು ಹಲವು ಬಗೆಯವನ್ನು ಪರೀಕ್ಷಿಸಲಾಯಿತು. ಆದರೆ ಸೀರಂನಲ್ಲಿ ಬೆಳೆಸಿದ ಭ್ರೂಣಗಳಿಂದ ಕೆಲವೊಮ್ಮೆ ಅತಿಗಾತ್ರದ ಕರು ಕುರಿಮರಿಗಳು ಹುಟ್ಟುವುದು 1990ರ ದಶಕದಲ್ಲಿ ಬೆಳಕಿಗೆ ಬಂದಿತು. ಕೆಲವೇ ದಿನಗಳ ಆಹಾರ ಒಂದು ಜೀವದ ಇಡೀ ಬೆಳವಣಿಗೆಯ ಮೇಲೆ ಗುರುತು ಬಿಡುತ್ತದೆ ಎಂದಾಯಿತು. ಅಲ್ಲಿಂದ ಮುಂದೆ ಅಂಶಗಳೆಲ್ಲ ಖಚಿತವಾಗಿ ತಿಳಿದಿರುವ ದ್ರವಗಳತ್ತ ಒಲವು ಬೆಳೆಯಿತು.

ಈ ನಿಟ್ಟಿನಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯ ಅಧ್ಯಯನಗಳು ಉಲ್ಲೇಖಾರ್ಹ. ಪಶು ಆಹಾರವನ್ನೂ ಸಂತಾನೋತ್ಪತ್ತಿಯನ್ನೂ ಒಂದೇ ಸೂರಿನಡಿ ಅಭ್ಯಸಿಸುವ ಈ ಸಂಸ್ಥೆಯಲ್ಲಿ ಕುರಿ ಮತ್ತು ಎಮ್ಮೆಯ ಅಂಡಾಣುಗಳಿಗೆ ಏನನ್ನು ಸೇರಿಸಿದರೆ ಒಳಿತು ಎಂಬುದರ ಜೊತೆಗೆ ಏನು ಸೇರಿದರೆ ಕೆಡುಕು ಎಂಬುದನ್ನೂ ಪರೀಕ್ಷಿಸಲಾಯಿತು. ಮೇವಿನಲ್ಲಿ ಪ್ರೋಟೀನು ಮಿತಿಮೀರಿದಾಗ ಮೈಯಲ್ಲಿ ಏರುವ ಅಮೋನಿಯಾ ಮತ್ತು ಯೂರಿಯಾ, ಹಸಿವಿನಲ್ಲಿ ಮೈಯ ಕೊಬ್ಬು ಕರಗಿದಾಗ ರಕ್ತಕ್ಕಿಳಿಯುವ ಕೊಬ್ಬಿನಾಮ್ಲಗಳು ಮೊದಲಾದವನ್ನು ದ್ರವಕ್ಕೆ ಬೆರೆಸಿ ಅಂಡಾಣುವಿನ ಪಾಡನ್ನು ನೋಡಲಾಯಿತು. ಪ್ರಮಾಣ ಏರಿದಂತೆ ಪಕ್ವತೆ ಕುಂದಿತು. ಇಲ್ಲಿ ಗಾಜಿನ ಬಟ್ಟಲು ಹಟ್ಟಿಯ ಕನ್ನಡಿಯಾಗುತ್ತದೆ. ಕರಾವಳಿಯಲ್ಲಿ ದನಕ್ಕೆ ಅಕ್ಕಚ್ಚು, ತೌಡು, ಹಿಂಡಿಗಳ ವಿಶೇಷ ಆರೈಕೆ ಸಲ್ಲುವುದು ಸಾಮಾನ್ಯವಾಗಿ ಕರು ಹಾಕಿದ ಮೇಲೆ. ಬೇಯಿಸಿದ ಹುರುಳಿ ಸಲ್ಲುವುದು ಕಂಬಳದ ಕೋಣಗಳಿಗೆ. ಗಬ್ಬ ನಿಲ್ಲದ, ಹಾಲು ಬತ್ತಿದ ದನ ಒಣ ಬೈಹುಲ್ಲಿನಲ್ಲಿಯೇ ದಿನ ಕಳೆಯುತ್ತದೆ. ಆದರೆ ಮುಂದಿನ ಕರುವಿನ ಅಂಡಾಣು ಬೆಳೆಯುತ್ತಿರುವುದು ಆ ತಿಂಗಳುಗಳಲ್ಲಿಯೇ. ಕೆಡ್ಡಸದಲ್ಲಿ ನೆಲಕ್ಕೆ ಸಂದ ಮರ್ಯಾದೆ ಹಟ್ಟಿಯ ಹೆಣ್ಣಿಗೆ ಪೂರ್ಣವಾಗಿ ಸಲ್ಲಲಿಲ್ಲವೆಂದೇ ಹೇಳಬೇಕಾಗುತ್ತದೆ.

ಬೆಂಗಳೂರಿನ ಪ್ರಯೋಗಗಳಲ್ಲಿ ಕುರಿ, ಎಮ್ಮೆಗಳಿಗೆ ಪ್ರಾಧಾನ್ಯ ದೊರೆತುದಕ್ಕೆ ಕಾನೂನಿನ ಹಿನ್ನೆಲೆಯೂ ಇದ್ದಿರಬಹುದು. ಕರ್ನಾಟಕದ 1964ರ ಕಾಯಿದೆಯೇ ಹಸುವಿನ ವಧೆಯನ್ನು ನಿಷೇಧಿಸಿತ್ತು. 2020ರ ಕಾಯಿದೆ ಎಮ್ಮೆಯ ವಧೆಗೂ 13 ವರ್ಷದ ಮಿತಿ ಹಾಕಿತು. ಆದ್ದರಿಂದ ಊರ ದನದ ಅಂಡಾಣು ಬೇಕಾದರೆ ಜೀವಂತ ದನದಿಂದಲೇ ಅಲ್ಟ್ರಾಸೌಂಡ್ ನೆರವಿನ ಸೂಜಿಯಿಂದ ಸೆಳೆಯಬೇಕು. ಈ ವಿಧಾನ 1980ರ ದಶಕದ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ರೂಪುಗೊಂಡು ಇಂದು ಭಾರತದಲ್ಲಿಯೂ ಬಳಕೆಯಲ್ಲಿದೆ. ಗುಜರಾತಿನಲ್ಲಿ 2021ರಲ್ಲಿ ಬನ್ನಿ ತಳಿಯ ಪ್ರನಾಳ ಎಮ್ಮೆಗರು ಹುಟ್ಟಿತು. ಗಿಡ್ಡದಂತಹ ತಳಿಗೆ ಇದು ಉಳಿವಿನ ದಾರಿಯಾಗಬಲ್ಲದು. ಆದರೆ ಯಾವ ದನದ ಅಂಡಾಣುವನ್ನು ಸೆಳೆಯಬೇಕೆಂಬ ಆಯ್ಕೆ ಹಾಲಿನ ಲೀಟರಿನ ಲೆಕ್ಕದಲ್ಲಿ ಮಾತ್ರ ನಡೆದರೆ, ಅಲ್ಪ ಮೇವಿನಲ್ಲಿ ಬದುಕಿ ಅಲ್ಪ ಹಾಲು ಕೊಡುವ ದನಕ್ಕೆ ಸರದಿ ಬರುವುದೇ ಇಲ್ಲ. 1939ರ ಸೂತ್ರವೇ ಹೊಸ ಉಪಕರಣದೊಂದಿಗೆ ಮುಂದುವರಿದಂತಾಗುತ್ತದೆ.

ಜಾನಪದದ ದೃಷ್ಟಿಯಿಂದ ಇನ್ನೊಂದು ಸೂಕ್ಷ್ಮವೂ ಇದೆ. ಅಳಿಯಸಂತಾನದ ತುಳುವರು ತಮ್ಮ ಬಳಿಯನ್ನು ತಾಯಿಯಿಂದ ಎಣಿಸಿದವರು. ಗುಡ್ಡೆಯಲ್ಲಿ ಮೇಯುವ ದನದ ಕರುವಿಗೂ ತಾಯಿಯ ಗುರುತೇ ಖಚಿತ. ಹೋರಿ ಯಾವುದೆಂದು ಹೇಳುವವರಾರು? ಜೀವವಿಜ್ಞಾನ ಇದಕ್ಕೆ ಅನಿರೀಕ್ಷಿತ ಸಾಕ್ಷ್ಯ ಒದಗಿಸುತ್ತದೆ. ಜೀವಕೋಶದ ಮೈಟೊಕಾಂಡ್ರಿಯ ಎಂಬ ಅಂಗದ ವಂಶವಾಹಿ ಅಂಡಾಣುವಿನ ಮೂಲಕ, ತಾಯಿಯಿಂದ ಮಾತ್ರ ಸಾಗುತ್ತದೆ. ಊರ ದನದ ಹೆಣ್ಣು ಸಂತತಿಯಲ್ಲಿ ಎಷ್ಟು ತಲೆಮಾರು ಜರ್ಸಿಯ ಬೀಜ ಬಿದ್ದರೂ ಈ ತಾಯಿಬಳಿ ಕಡಿಯುವುದಿಲ್ಲ. ಜರ್ಸಿಯ ಮೈಬಣ್ಣ ಹೊತ್ತ ಹಸುವೊಂದು ಇಂದಿಗೂ ಗುಡ್ಡೆಯ ದನದ ಬಳಿಯದೇ ಆಗಿರಬಹುದು.

ಅಂಡಾಣುವನ್ನು ಬಟ್ಟಲಿನಲ್ಲಿ ಬೆಳೆಸಿ ಇನ್ನೊಂದು ಹಸುವಿನ ಗರ್ಭದಲ್ಲಿ ನೆಟ್ಟಾಗ ಈ ಎಳೆ ಕಡಿಯುತ್ತದೆ. ಹೊತ್ತು ಹೆತ್ತ ಹಸು ಒಂದು, ಅಂಡಾಣುವಿನ ಹಸು ಇನ್ನೊಂದು. ಮಿಶ್ರತಳಿಯ ಹಸು ಗಿಡ್ಡದ ಕರುವನ್ನು ಹೆರಬಹುದು. ಊರ ದನದ ಸಂತತಿಯ ಹಸು ತನ್ನ ಬಳಿಗೆ ಸೇರದ ಕರುವಿಗೆ ಹಾಲೂಡಬಹುದು. ಸಂಸ್ಥೆಯ ದಾಖಲೆಯಲ್ಲಿ ಕರುವಿನ ತಾಯಿಯಾಗಿ ಅಂಡಾಣು ಕೊಟ್ಟ ಹಸುವಿನ ಸಂಖ್ಯೆ ಇರುತ್ತದೆ. ಹಟ್ಟಿಯಲ್ಲಿ ಆ ಕರುವನ್ನು ಕಟ್ಟುವುದು ಹೆತ್ತ ಹಸುವಿನ ಮಗ್ಗುಲಲ್ಲಿ, ಕರೆಯುವುದೂ ಅದರ ಕರುವೆಂದೇ.